ಕಂಬಳಿಯ ಮೇಲೆ ಒಬ್ಬನೇ ಕೂರದವನು

“ಕಂಬಳಿ ಒಳಗ ಒಯ್ಯಾಂಗಿಲ್ರಿ.”

ಭಾಗ್ಯಾ ಅವನನ್ನು ಮೊದಲು ನೋಡಿದ್ದು ಹೀಗೆ... ಕಂಬಳಿಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ!

ಸುತ್ತಿ ಬಳಸಿ ಹೇಳುವುದೇಕೆ? ಕುಳಗೇರಿ ಕ್ರಾಸಿನ ಈ ಹುಡುಗಿಗೆ ಅವ್ವ ರಾಮವ್ವನ ಕಿಡ್ನಿ ಹಾಕಿದ್ದರು. ಅದು ಉಳಿಯಲೆಂದು ನುಂಗುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿದ್ದವು. ಪಾದಕ್ಕೆ ಮುಳ್ಳು ಚುಚ್ಚಿದ್ದೇ ನೆಪ, ಕೀವು ಯಾವ ಔಷಧಕ್ಕೂ ಜಗ್ಗಲಿಲ್ಲ. ಔಷಧದ ಜೊತೆ ಆಕ್ಸಿಜನ್ ಕೊಳವೆಯಲ್ಲೂ ಮಲಗಿಸಿ ನೋಡೋಣ ಎಂದರು ಬಾಗಲಕೋಟೆಯ ಡಾಕ್ಟರು. ಅದಕ್ಕೂ ಬಗ್ಗದಿದ್ದರೆ ಪಾದ ತೆಗೆಯಬೇಕು.

ಆಳು ಮಲಗುವಷ್ಟು ದೊಡ್ಡ ಗಾಜಿನ ಕೊಳವೆ. ಒಳಗೆ ಒತ್ತಿ ತುಂಬಿದ ಆಕ್ಸಿಜನ್. ಉಣ್ಣೆ ಉಜ್ಜಿ ಕಿಡಿ ಹಾರಿದರೆ ಮುಗಿಯಿತು. ಹತ್ತಿಬಟ್ಟೆಯೊಂದೇ ಒಳಗೆ ಹೋಗಬೇಕು. ಯಂತ್ರ ನಡೆಸುವ ಹಣಮೇಶ ಬಿಡಿಸಿ ಹೇಳಿದ. ಅವಳ ಕಿವಿಗೆ ಬಿದ್ದಿದ್ದು ಒಂದೇ, ಕಂಬಳಿ ಬೇಡ! ಮದುವೆಯಲ್ಲಿ ಮಗಳು ಅಳಿಯ ಕೂರಲೆಂದು ಅಪ್ಪ ನೇಯಿಸಿಟ್ಟು ತೀರಿಹೋದ ಕಂಬಳಿ ಅದು ಎಂದು ರೇಗಿದಳು.

“ಹಣಿಗೆ ಬೀರಪ್ಪನ ಭಂಡಾರ ಹಚ್ಚೀರಿ, ನಮ್ಮ ಕುರುಬರಾವ್ರೇ ಅದೀರಿ. ಕಂಬಳಿ ಕಸಗೊಳ್ಳಾಕ ಮನಸ ಹೆಂಗ ಬಂತು?”

“ಕಿಡಿ ಕುಲ ಕೇಳಂಗಿಲ್ರಿ.”

ಒಳಗೆ ಮಲಗಿದಳು. ಕಿವಿ ಗಡಚಿಕ್ಕಿತು. ಉಗುಳು ನುಂಗಿರಿ, ಹೆದರಬೇಡಿ ಎಂದು ಮೈಕಿನಲ್ಲಿ ಅವನ ದನಿ. ದಿನವೂ ಬಾಗಿಲಲ್ಲಿ ಜಗಳ, ಒಳಗೆ ಆ ದನಿ. ಗಾಯ ಕೆಂಪಗೆ ತುಂಬಿಕೊಳ್ಳತೊಡಗಿತು. ಕೊಳವೆಗೆ ರಜೆಯಿರುವ ರವಿವಾರ ಬಂದರೆ ಅವಳಿಗೆ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ‘ಯಾಕ ಹಿಂಗಾಗಾಕತ್ತೈತಿ ನನಗ...’

ಒಂದು ದಿನ ಗಾಜಿನೊಳಗಿಂದ ನೋಡಿದಳು. ರೋಗಿಗಳ ಹೊಲಸು ಹಾಸಿಗೆ ಬಟ್ಟೆಯ ಜೊತೆ ಕಂಬಳಿಯನ್ನೂ ಅವನು ಹೊರಗೆ ಹೊತ್ತೊಯ್ಯುತ್ತಿದ್ದ! ಅಪ್ಪನ ಕಂಬಳಿ ಹೊಲಸಿನ ರಾಶಿಗೆ! ಇಳಿದವಳು ಒಂದು ಮಾತೂ ಕೇಳದೆ ಮನೆಗೆ ಹೋದಳು, ಮತ್ತೆ ಬರಲಿಲ್ಲ. ಮೊಂಡು ಹುಡುಗಿ!

ವಾರದೊಳಗೆ ಗಾಯ ಮತ್ತೆ ಒಸರಿತು. ರಾಮವ್ವ ಬೈದಳು, ಅತ್ತಳು. ಕಂಬಳಿಯನ್ನಾದರೂ ತರುತ್ತೇನೆಂದು ಕುಂಟುತ್ತ ಬಂದ ಭಾಗ್ಯಾ ಯಂತ್ರದ ಕೋಣೆಯ ಹಿಂದಿನ ಬಾಗಿಲು ದೂಡಿದಳು.

ಬೆಂಚಿನ ಮೇಲೆ ಕಂಬಳಿ ಸುಕ್ಕಿಲ್ಲದೆ ಹಾಸಿತ್ತು. ಪಕ್ಕದಲ್ಲಿ ಹಣಮೇಶ ನಿಂತೇ ರೊಟ್ಟಿ ತಿನ್ನುತ್ತಿದ್ದ.

“ಅವತ್ತ ಇದನ್ನ ಹೊಲಸ ಬಟ್ಟಿ ಜೋಡಿ ಒಯ್ದಿದ್ರೆಲ್ಲ?”

“ಹಾಸಿಗಿ ಬಟ್ಟಿ ಒಗ್ಯಾಕ ಹೋದ್ವು. ನೀವು ಒಳಗ ಮಲಗಿದಾಗ ಇದು ದಿನಾ ಇಲ್ಲೇ ಇರತಿತ್ತು,” ಎಂದ. ಅವಳ ಪಾದ ನೋಡಿ ರೊಟ್ಟಿ ಕೆಳಗಿಟ್ಟ.

ಅವಳು ಕಂಬಳಿಯ ಅಂಚು ಸವರಿದಳು. “ಇಷ್ಟ ಅಗಲ ಹಾಸಿ ನಿಂತ ಯಾಕ ಉಣ್ಣಾಕತ್ತೀರಿ?”

“ಇಂಥಾ ಕಂಬಳಿ ಮ್ಯಾಲ ಒಬ್ಬಾಂವ ಹೆಂಗ ಕೂಡ್ಲಿ, ಭಾಗ್ಯಾ?”

ಅವಳು ಹೋಗಿ ಹತ್ತಿಯ ಅಂಗಿ ತೊಟ್ಟು ಬಂದು ಕೊಳವೆಯಲ್ಲಿ ಮಲಗಿದಳು. ಬಾಗಿಲು ಮುಚ್ಚಿತು, ಕಿವಿ ಗಡಚಿಕ್ಕಿತು... ಉಗುಳು ನುಂಗಿ, ತಾನೇ ಮೈಕಿನಲ್ಲಿ ಮಾತಾಡಿದಳು.

“ಕಾಲ ನೆಟ್ಟಗಾಗೂಮಟ ಹಂಗ ನಿಂತಿರ್ತಿ?”

“ನಿಂತಿರ್ತೇನಿ.”