ಪಟ್ಟಿಯ ಬೆನ್ನು

ವಜ್ರದ ಮೊನೆ ಟಕ್ಕೆಂದು ಇಳಿಯಿತು. ಉಕ್ಕಿನ ಪಟ್ಟಿಯ ಮೇಲೆ ಸಣ್ಣ ಗುಳಿ ಬಿತ್ತು, ಜೊತೆಗೆ 'ಉತ್ತೀರ್ಣ' ಎಂಬ ಮುದ್ರೆಯೂ ಬಿತ್ತು. ಗುಳಿ ಎಷ್ಟು ಆಳವೋ ಲೋಹ ಅಷ್ಟು ಮೆತ್ತಗೆ. ಕಠಿಣಮಾಪಿ ಯಂತ್ರದ ತತ್ತ್ವ ಇಷ್ಟೇ. ಮನುಷ್ಯರು ಕಣ್ಣಿಟ್ಟು ಕೂರುವ ಕೆಲಸವೇ ಬೇಡವೆಂದು ಡಾ. ವಾಮನ ನಾಡಗೇರರು ಅದನ್ನು ರೂಪಿಸಿದ್ದರು. ಬೆಳಗಾವಿಯ ಆ ಕಾರ್ಖಾನೆಯಲ್ಲಿ ಪರೀಕ್ಷಕರನ್ನೆಲ್ಲ ಮನೆಗೆ ಕಳಿಸಿ ಮೂರು ವರ್ಷವಾಗಿತ್ತು. ಕಾನೂನಿನ ಬಾಯಿ ಮುಚ್ಚಿಸಲು ಗೌರವ್ವ ಹಂಪಣ್ಣವರ ಒಬ್ಬಳನ್ನೇ ಸಹಿಗೆಂದು ಉಳಿಸಿಕೊಂಡಿದ್ದರು.

ಪಟ್ಟಿಗಳು ಹೋಗುತ್ತಿದ್ದದ್ದು ಶ್ವಾಸಪಂಪುಗಳಿಗೆ. ಶ್ವಾಸಕೋಶ ಸೋತವರು ಸೊಂಟಕ್ಕೆ ಕಟ್ಟಿಕೊಳ್ಳುವ ಪಂಪಿನಲ್ಲಿ ಈ ಸ್ಟೇನ್‌ಲೆಸ್ ಪಟ್ಟಿ ಉಸಿರಿಗೊಮ್ಮೆ ಬಾಗಿ ಮರಳಬೇಕು. ಕುಲುಮೆಯಲ್ಲಿ ಸರಿಯಾಗಿ ಹದಗೊಳ್ಳದ ಪಟ್ಟಿ ಒಂದು ದಿನ ಬಾಗುತ್ತದೆ, ಮರಳುವುದಿಲ್ಲ.

ಅಂದು ಒಂದು ಪಟ್ಟಿ ಕೆಳಗೆ ಬಿತ್ತು. ಗೌರವ್ವ ಎತ್ತಿಕೊಂಡು ಹಳೆಯ ರೂಢಿಯಂತೆ ತಿರುಗಿಸಿ ನೋಡಿದಳು.

"ಸಾಹೇಬ್ರ, ಗುಳಿ ಬೆನ್ನಿಗೆ ಉಬ್ಬೇತ್ರಿ."

"ಅದಕ್ಕೇನಾತು? ಗಟ್ಟಿತನದ ಅಂಕಿ ನೋಡವಾ, ಅರವತ್ತೆರಡು!" ಎಂದರು ಯಂತ್ರದ ಪಕ್ಕ ನಿಂತಿದ್ದ ನಾಡಗೇರರು.

"ಬೆನ್ನಿಗೆ ಗುರುತು ಬಂದ್ರ ಪರೀಕ್ಷಾನ ಖೊಟ್ಟಿ. ಪಟ್ಟಿ ಗುಳಿ ಆಳದ ಹತ್ತು ಪಟ್ಟು ದಪ್ಪ ಇರಬೇಕ್ರಿ. ಇಲ್ಲಂದ್ರ ಮೊನಿ ಕೆಳಗಿನ ಪೀಠಾನ ಅಳೀತೈತಿ."

ಕುಲುಮೆಯ ಕಪ್ಪು ಕಲೆ ಕಂಡರೆ ಯಂತ್ರ ಪಟ್ಟಿಯನ್ನು ಉಗುಳುತ್ತಿತ್ತು. ಬೈಗುಳಕ್ಕೆ ಹೆದರಿದ ಕೆಲಸಗಾರರು ಕನ್ನಡಿಯಾಗುವವರೆಗೆ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಪಟ್ಟಿ ಕಾಗದದಷ್ಟು ತೆಳ್ಳಗಾಗಿತ್ತು. ಗೌರವ್ವ ಅದನ್ನು ಬೆರಳಲ್ಲಿ ಬಾಗಿಸಿದಳು. ಬಾಗಿದ್ದು ಬಾಗಿಯೇ ಉಳಿಯಿತು. ಆಮೇಲೆ ಪಟ್ಟಿಯನ್ನೇ ಇಡದೆ, ಬರಿಯ ಪೀಠದ ಮೇಲೆ ಮೊನೆ ಇಳಿಯುವಂತೆ ಗುಂಡಿ ಒತ್ತಿದಳು. ಅರವತ್ತೆರಡು. ಉತ್ತೀರ್ಣ.

"ಥೂ!" ಎಂದಳು. "ಇದಕ್ಕ ನಾ ಮೂರು ವರ್ಷ ಸಹಿ ಹಾಕೀನಲ್ಲ, ನನ್ನ ಕೈಗಿಷ್ಟು ಬೆಂಕಿ ಹಾಕ!"

ಏಕರೂಪ ಗುಣಮಟ್ಟಕ್ಕೆಂದು ಪಡೆದ ಮೂರು ಫಲಕಗಳು ಗೋಡೆಯ ಮೇಲೆ ಮಿನುಗುತ್ತಿದ್ದವು. ನಾಡಗೇರರು ದಾಖಲೆ ತೆರೆದರು. ನಲವತ್ತು ಸಾವಿರ ಪಂಪುಗಳು, ಎಲ್ಲದಕ್ಕೂ ಒಂದೇ ಅಂಕಿ. ಯಾರ ಸೊಂಟದಲ್ಲಿ ಒಳ್ಳೆಯದಿದೆ, ಯಾರದರಲ್ಲಿ ಕೆಟ್ಟದ್ದಿದೆ ಎಂದು ಹೇಳುವ ದಾರಿಯೇ ಇರಲಿಲ್ಲ.

ಎಲ್ಲರಿಗೂ ಸುದ್ದಿ ಕಳಿಸಬೇಕಾಯಿತು. ಹೊಸ ಪಟ್ಟಿ ತಲುಪುವವರೆಗೆ ರೋಗಿಯ ಪಕ್ಕದಲ್ಲಿ ಹಗಲೂ ರಾತ್ರಿ ಒಬ್ಬರು ಎಚ್ಚರವಾಗಿದ್ದು ಉಸಿರು ಆಲಿಸುತ್ತಿರಬೇಕು. ಯಾರೂ ಕೂರಬೇಕಾಗಿಲ್ಲವೆಂದು ಮಾಡಿದ ಯಂತ್ರ ನಲವತ್ತು ಸಾವಿರ ಮನೆಗಳಲ್ಲಿ ಒಬ್ಬೊಬ್ಬರನ್ನು ಕೂರಿಸಿತು.

ಮೂರನೆಯ ದಿನ, ಸುದ್ದಿಯ ಕೆಳಗೆ ಸಂಖ್ಯೆ ಕೊಟ್ಟಿದ್ದ ನಾಡಗೇರರ ಫೋನು ರಿಂಗಣಿಸಿತು. ಯಾರೋ ಹೆಣ್ಣುಮಗಳ ದನಿ.

"ನಮ್ಮವ್ವಗ ನಾ ಒಬ್ಬಾಕೀನ ಇರಾಕಿ. ಎರಡು ದಿನದಿಂದ ಕಣ್ಣು ಮುಚ್ಚಿಲ್ರಿ. ಒಂದು ತಾಸು ಬಂದು ಕುಂದರ್ತೀರೇನ್ರಿ?"

ನಾಡಗೇರರು ವಿಳಾಸ ಕೇಳಿ ಬರೆದುಕೊಂಡರು.