ಎಂಬತ್ತು ನಂಬರಿನ ಉಪ್ಪುಕಾಗದ

"ಇನ್ನೊಂದು ಸ್ವಲ್ಪ ಉಜ್ಜು, ಗೊತ್ತಾಗುತ್ತೆ," ಎಂದಳು ಕನ್ನಡಕ.

ಚಿನಕುರುಳಿ ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿದಳು. ಸ್ಕೂಲ್ ಲೈಬ್ರರಿಯ ಹೊಚ್ಚ ಹೊಸ ಟೇಬಲ್ಲಿನ ಮೂಲೆಯಿಂದ ಬಿಳಿ ಪುಡಿ ಉದುರಿತು. ಪಾಲಿಷ್ ಹೋಗಿ ಕಂದು ಮರ ಕಾಣಿಸಿತು.

"ನೋಡಿದ್ಯಾ? ಹೊರಗೂ ತೇಗ, ಒಳಗೂ ತೇಗ. ಒಂದೇ ಹಲಗೆ," ಎಂದು ಬೀಗಿದಳು.

ಜಗಳ ಶುರುವಾಗಿದ್ದು ಊಟದ ಬೆಲ್ ಹೊಡೆದ ಮೇಲೆ. ಆ ಟೇಬಲ್ಲಿಗೆ ಪಾಲಿಷ್ ಹಾಕಿದ್ದು ಚಿನಕುರುಳಿಯ ಅಮ್ಮ. ಟೇಬಲ್ಲು, ಬೀರು ಮಾಡುವ ವರ್ಕ್‌ಶಾಪಿನಲ್ಲಿ ಅಮ್ಮನಿಗೆ ಅದೇ ಕೆಲಸ. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಮಾತಿಗೆ ಮುಂಚೆ ಸಿಡಿಯುತ್ತಾಳೆ ಎಂದೇ ಅಲ್ಲವೇ ಇಡೀ ಐದನೇ ಕ್ಲಾಸು ಅವಳಿಗೆ ಆ ಹೆಸರಿಟ್ಟಿದ್ದು! ಇಡೀ ಟೇಬಲ್ಲು ಒಂದೇ ತೇಗದ ಹಲಗೆಯದು ಎಂದು ಕೊಚ್ಚಿಕೊಂಡಳು.

ಪಕ್ಕದ ಸೀಟಿನ ಹುಡುಗಿ, ಕ್ಲಾಸಿನವರ ಬಾಯಲ್ಲಿ ಕನ್ನಡಕ, ಯಾವುದನ್ನೂ ಅಳೆಯದೆ ನಂಬುವವಳಲ್ಲ. ಸ್ಕೇಲ್ ಇಟ್ಟು ಅಳೆದಳು. ಇಷ್ಟು ಅಗಲದ ಹಲಗೆ ಬೇಕಾದರೆ ಮರ ಸ್ಕೂಲ್ ಬಸ್ಸಿನಷ್ಟು ದಪ್ಪ ಇರಬೇಕು, ಇದು ಪ್ಲೈವುಡ್ಡೇ ಎಂದಳು. ಚಿನಕುರುಳಿಗೆ ಮೈಯೆಲ್ಲ ಉರಿದುಹೋಯಿತು. ಪೆನ್ಸಿಲ್ ಚೂಪು ಮಾಡಲೆಂದು ಅಮ್ಮನ ಡಬ್ಬಿಯಿಂದ ತಂದಿದ್ದ ಉಪ್ಪುಕಾಗದ ಕಂಪಾಸ್ ಬಾಕ್ಸಿನಲ್ಲೇ ಇತ್ತು. ಸರಿ, ತೋರಿಸೇಬಿಡುತ್ತೇನೆ ಎಂದು ಕೂತುಬಿಟ್ಟಳು.

"ಅದು ಮೇಲಿನ ಪದರ ಇರಬಹುದು ಕಣೇ," ಎಂದಳು ಕನ್ನಡಕ.

ಚಿನಕುರುಳಿ ಹಲ್ಲು ಕಚ್ಚಿ ಜೋರಾಗಿ ಉಜ್ಜಿದಳು. ಕಂದು ಮರ ಸವೆದುಹೋಯಿತು. ಅದರ ಕೆಳಗೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಪೇಲವ ಬಣ್ಣದ ಬೇರೆಯೇ ಮರ ಕಾಣಿಸಿತು. ಮೇಲಿನ ಗೆರೆಗಳು ಉದ್ದಕ್ಕೆ ಹೋದರೆ ಇದರ ಗೆರೆಗಳು ಅಡ್ಡಕ್ಕೆ ಹೋಗುತ್ತಿದ್ದವು.

ಕನ್ನಡಕ ನಗಲಿಲ್ಲ. ನಾಳೆ ಲೈಬ್ರರಿ ಓಪನಿಂಗ್, ಎಲ್ಲರ ಮನೆಯವರೂ ಬರುತ್ತಾರೆ ಎಂದು ಮೆಲ್ಲಗೆ ನೆನಪಿಸಿದಳು, ಅಷ್ಟೇ. ಚಿನಕುರುಳಿ ತಟ್ಟನೆ ಎದ್ದಳು. ದಪ್ಪ ಡಿಕ್ಷನರಿಯೊಂದನ್ನು ತಂದು ಆ ಜಾಗದ ಮೇಲಿಟ್ಟಳು.

ಸ್ಕೂಲ್ ಬಿಟ್ಟದ್ದೇ ತಡ, ವರ್ಕ್‌ಶಾಪಿಗೆ ಓಡಿದಳು. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅಮ್ಮ ಬೀರುವಿನ ಬಾಗಿಲನ್ನು ಮಲಗಿಸಿಕೊಂಡು, ಬಟ್ಟೆಯ ಉಂಡೆಯನ್ನು ಪಾಲಿಷ್‌ನಲ್ಲಿ ಅದ್ದಿ, ಉದ್ದಕ್ಕೂ ಎಳೆಯುತ್ತಿದ್ದಳು.

"ಅಮ್ಮಾ, ನೀನು ಸ್ಕೂಲಿಗೆ ಮೋಸ ಮಾಡಿದೀಯಾ?"

ಅಮ್ಮ ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಪಾಲಿಷ್ ಹಾಕುವಾಗ ಉಂಡೆ ಒಂದು ಕ್ಷಣ ನಿಂತರೂ ಅಲ್ಲಿ ಕಲೆ ಬೀಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಚಿನಕುರುಳಿಗೂ ಅದು ಗೊತ್ತು. ಬಾಗಿಲು ಪೂರ್ತಿ ಮುಗಿಯುವವರೆಗೆ ಕಾಯಲೇಬೇಕಾಯಿತು. ಕಾಯುತ್ತಾ ಕಾಯುತ್ತಾ ಸಿಟ್ಟು ಇಳಿದು ಅಳು ಬಂತು.

ಕೊನೆಗೆ ಅಮ್ಮ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಈಗ ಹೇಳು, ಏನಾಯ್ತು?"

ಚಿನಕುರುಳಿ ಬಿಕ್ಕುತ್ತಾ ಎಲ್ಲವನ್ನೂ ಒದರಿಬಿಟ್ಟಳು. ಅಮ್ಮ ಮಧ್ಯೆ ಒಂದೇ ಒಂದು ಪ್ರಶ್ನೆ ಕೇಳಿದಳು. ಉಜ್ಜಿದ್ದು ಯಾವ ನಂಬರಿನ ಕಾಗದದಲ್ಲಿ?

"ಎಂಬತ್ತು."

ಅಮ್ಮ ತಲೆ ಚಚ್ಚಿಕೊಂಡಳು. "ಎಂಬತ್ತಾ? ನನ್ನ ತಾಯಿ, ಅಷ್ಟು ಒರಟು ಕಾಗದದಲ್ಲಿ ನಾವು ಹಳೇ ಕಿಟಕಿಯ ಬಣ್ಣ ಕೀಳ್ತೀವಿ."

ಆಮೇಲೆ ಅವಳನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಒಂದು ಹಳೆಯ ಟೇಬಲ್ಲಿನ ಮೇಲ್ಭಾಗ ಒರಗಿಸಿಟ್ಟಿತ್ತು. ಅಸಲಿ ತೇಗದ ಹಲಗೆಗಳನ್ನು ಜೋಡಿಸಿ ಮಾಡಿದ್ದು. ಕಣ್ಣು ಮಟ್ಟಕ್ಕೆ ಹಿಡಿದು ನೋಡು ಎಂದಳು. ನೋಡಿದರೆ ಅದು ತೊಟ್ಟಿಲ ಹಾಗೆ ಬಗ್ಗಿಕೊಂಡಿತ್ತು. ಅಗಲದ ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಬಿಗಿಯಾಗಿ ಕಟ್ಟಿಹಾಕಿದರೆ ಹೀಗೆ ಸೆಟೆದುಕೊಳ್ಳುತ್ತದೆ ಎಂದು ಅಮ್ಮ ವಿವರಿಸಿದಳು. ಪ್ಲೈನಲ್ಲಿ ಹಾಗಾಗುವುದಿಲ್ಲ. ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ ಅಂಟಿಸಿರುತ್ತಾರೆ. ಒಂದು ಎಳೆಯಲು ಹೋದರೆ ಇನ್ನೊಂದು ಹಿಡಿದುಕೊಳ್ಳುತ್ತದೆ.

"ನಲವತ್ತು ಮಕ್ಕಳು ಮೊಣಕೈ ಊರೋ ಟೇಬಲ್ಲು ಅದು. ಅದಕ್ಕೇ ಪ್ಲೈ ಹಾಕಿ, ಮೇಲೆ ತೇಗದ ಹಾಳೆ ಅಂಟಿಸಿದ್ದು. ಹೆಡ್ ಮಿಸ್‌ಗೆ ಮೊದಲೇ ಹೇಳಿದೀನಿ. ಒಂದೇ ಹಲಗೆ ಅಂತ ನಿನಗೆ ಯಾರು ಹೇಳಿದ್ದು?"

ಚಿನಕುರುಳಿ ನೆಲ ನೋಡಿದಳು. ಯಾರೂ ಹೇಳಿರಲಿಲ್ಲ. ಹಾಗಿದ್ದರೆ ಚೆಂದ ಎಂದು ತಾನೇ ಅಂದುಕೊಂಡಿದ್ದಳು.

"ಆ ಹಾಳೆ ನಿನ್ನ ನೋಟ್‌ಬುಕ್ಕಿನ ರಟ್ಟಿನಷ್ಟು ದಪ್ಪ ಇಲ್ಲ. ಒಂದು ಗುಳ್ಳೆನೂ ಏಳದ ಹಾಗೆ ಅಂಟಿಸಬೇಕು ಅಂದ್ರೆ ಮೇಸ್ತ್ರಿ ನನ್ನನ್ನೇ ಕರೆಯೋದು," ಎಂದಳು ಅಮ್ಮ. ಹಾಗೆನ್ನುವಾಗ ಅವಳ ಕತ್ತು ಎರಡು ಇಂಚು ಮೇಲೆ ಹೋಗಿತ್ತು. ಚಿನಕುರುಳಿ ಅಮ್ಮನನ್ನು ಹಾಗೆ ನೋಡಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೇ ಇಬ್ಬರೂ ಸ್ಕೂಲಿನಲ್ಲಿದ್ದರು. ಹೆಡ್ ಮಿಸ್ ಮುಂದೆ ಬಾಯಿ ಬಿಡಬೇಕಾದವಳು ನೀನೇ ಎಂದು ಅಮ್ಮ ಬಾಗಿಲ ಹೊರಗೇ ನಿಂತಳು. ಚಿನಕುರುಳಿ ಒಬ್ಬಳೇ ಒಳಗೆ ಹೋದಳು. ಎಲ್ಲವನ್ನೂ ಹೇಳಿದಳು. ಹೆಡ್ ಮಿಸ್ ಕೈಗಡಿಯಾರ ನೋಡಿಕೊಂಡು, ಹತ್ತು ಗಂಟೆಗೆ ಜನ ಬರುತ್ತಾರೆ, ಅಷ್ಟರಲ್ಲಿ ಸರಿ ಹೋಗಬೇಕು ಎಂದರು.

ಅಮ್ಮ ಚೀಲದಿಂದ ಪೇಪರ್ ಸುರುಳಿಯೊಂದನ್ನು ತೆಗೆದಳು. ಯಾವ ಟೇಬಲ್ಲಿಗೆ ಹಾಳೆ ಅಂಟಿಸಿದರೂ ಅದರದೇ ಚೂರುಗಳನ್ನು ಹೀಗೆ ಸುತ್ತಿಟ್ಟುಕೊಳ್ಳುವುದು ಅವಳ ಪದ್ಧತಿ. ನಾಲ್ಕು ಚೂರು ಹರಡಿ, ಯಾವುದು ಹೊಂದುತ್ತದೋ ನೀನೇ ಹುಡುಕು ಎಂದಳು.

ಚಿನಕುರುಳಿ ಮೊದಲು ಇಟ್ಟಿದ್ದು ಬಣ್ಣದಲ್ಲಿ ಸರಿಯಿತ್ತು, ಗೆರೆಯಲ್ಲಿ ತಪ್ಪಿತು. ಎರಡನೆಯದರ ಗೆರೆ ಕೂಡಿತು, ಆದರೆ ಕಪ್ಪಗೆ ಕಂಡಿತು. ಯಾಕೋ ಅನ್ನಿಸಿ ಅದನ್ನೇ ತಿರುಗಿಸಿ ಇಟ್ಟಳು. ಬೆಳಕು ಬೇರೆ ಕಡೆಯಿಂದ ಬಿದ್ದದ್ದೇ ಬಣ್ಣವೂ ಕೂಡಿತು. ಅಮ್ಮ ಅವಳ ಬೆನ್ನು ತಟ್ಟಿದಳು.

ಚೂರನ್ನು ದೋಣಿಯ ಆಕಾರಕ್ಕೆ ಕತ್ತರಿಸಿ, ಅದೇ ಆಕಾರದಲ್ಲಿ ಟೇಬಲ್ಲಿನ ಹಾಳೆಯನ್ನೂ ಕೊರೆದು ತೆಗೆದದ್ದು ಅಮ್ಮ. ಗೋಂದು ಹಚ್ಚಿ, ಚೂರನ್ನು ಕೂರಿಸಿ, ಮೇಲೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದ್ದೂ ಅವಳೇ. ಉಜ್ಜುವ ಸರದಿ ಬಂದಾಗ ನಾನೂರು ನಂಬರಿನ ಕಾಗದವನ್ನು ಮಗಳ ಕೈಗೆ ಕೊಟ್ಟಳು. ಅದು ಕೆನ್ನೆಗೆ ಸವರಿಕೊಳ್ಳಬಹುದಾದಷ್ಟು ನಯವಾಗಿತ್ತು. ಗೆರೆ ಹೋದ ಕಡೆಗೇ, ಭಾರ ಬಿಡದೆ, ಹತ್ತೇ ಸಲ ಎಂದಳು. ಚಿನಕುರುಳಿ ಉಸಿರು ಬಿಗಿಹಿಡಿದು ಹತ್ತು ಎಣಿಸಿ ನಿಲ್ಲಿಸಿದಳು. ಹನ್ನೊಂದನೆಯ ಸಲ ಉಜ್ಜಲು ಕೈ ತವಕಪಟ್ಟಿತು, ಬಿಡಲಿಲ್ಲ. ಆಮೇಲೆ ಅಮ್ಮ ಪಾಲಿಷ್ ಎಳೆದಳು, ಒಣಗಿಸಿದಳು, ಮತ್ತೆ ಎಳೆದಳು.

ಹತ್ತು ಗಂಟೆಗೆ ಲೈಬ್ರರಿ ಗಿಜಿಗುಟ್ಟಿತು. ಕನ್ನಡಕ ನೇರವಾಗಿ ಮೂಲೆಗೆ ಬಂದು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮೂಗು ತಾಗುವಷ್ಟು ಬಗ್ಗಿದಳು. "ಇದೇ ಮೂಲೆ ತಾನೇ?" ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಯಾರದೋ ತಾತ ಟೇಬಲ್ಲಿನ ಮೇಲೆ ಅಂಗೈ ಆಡಿಸಿ ತಲೆದೂಗಿದರು. "ಹಳೇ ಕಾಲದ ಹಾಗೆ ಒಂದೇ ಹಲಗೆಯಲ್ಲಿ ಮಾಡಿದಾರೆ ನೋಡು."

ನಿನ್ನೆ ಇದೇ ಮಾತು ಕೇಳಿದ್ದರೆ ಚಿನಕುರುಳಿ ಕುಣಿದಾಡಿಬಿಡುತ್ತಿದ್ದಳು.

"ಅಲ್ಲ ತಾತ, ಒಳಗಿರೋದು ಪ್ಲೈ. ಮೇಲಿಂದು ತೇಗದ ಹಾಳೆ. ನಮ್ಮಮ್ಮ ಅಂಟಿಸಿದ್ದು," ಎಂದಳು. "ಒಂದು ಕಡೆ ನಾನು ಉಜ್ಜಿ ಕೆಡಿಸಿದ್ದೆ. ಅಲ್ಲಿ ತೇಪೆ ಇದೆ," ಎಂದೂ ಸೇರಿಸಿದಳು.

ತಾತನಿಗೆ ನಂಬಿಕೆ ಬರಲಿಲ್ಲ. ಎಲ್ಲಿ, ಎಲ್ಲಿ ಎನ್ನುತ್ತಾ ಬೆರಳ ತುದಿಯಿಂದ ಟೇಬಲ್ಲನ್ನು ತಡಕತೊಡಗಿದರು. ಬೆರಳು ಮೂಲೆಗೆ ಬಂತು. ತೇಪೆಯ ಮೇಲೆ ಹಾದು, ಎಲ್ಲೂ ತಡೆಯದೆ ಮುಂದೆ ಹೋಯಿತು.

ಚಿನಕುರುಳಿ ಬಾಗಿಲ ಕಡೆ ನೋಡಿದಳು. ಅಮ್ಮ ಏನೂ ಆಗಿಲ್ಲವೆಂಬಂತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಅಮ್ಮ ಇಂಥ ಎಷ್ಟು ಟೇಬಲ್ಲುಗಳ ಪಕ್ಕ ಹೀಗೆ ಸುಮ್ಮನೆ ನಿಂತಿರಬೇಕು ಎಂದು ಮೊದಲ ಸಲ ಹೊಳೆಯಿತು. ಇಲ್ಲೇ ಇದೆ ಎಂದು ಕೂಗಿ ತೋರಿಸಬೇಕೆಂದು ತುದಿನಾಲಿಗೆಗೆ ಬಂದ ಮಾತನ್ನು ನುಂಗಿಕೊಂಡಳು. ತಾತ ಇನ್ನೂ ಹುಡುಕುತ್ತಲೇ ಇದ್ದರು. ಹುಡುಕಲಿ ಎಂದುಕೊಂಡು ಅವಳು ಹೋಗಿ ಅಮ್ಮನ ಪಕ್ಕ ನಿಂತಳು.