ಬೈಸಿಕೊಳ್ಳದ ಕೋಲು

"ಆ ಕೋಲು ಮುಟ್ಟಬೇಡ ಅಂತಿಲ್ಲ. ಸೋತಾಗ ಅದನ್ನ ಬೈಬೇಡ, ಅಷ್ಟೇ," ಅಂದ ಪೂಲ್ ಆಡುವ ಹಾಲ್‌ನ ಮುದುಕ.

ಲಿಫ್ಟ್ ಮೆಕ್ಯಾನಿಕ್ ನಕ್ಕುಬಿಟ್ಟ. "ಯಾಕಜ್ಜಾ, ಕೋಲಿಗೆ ಬೇಜಾರಾಗುತ್ತಾ?"

"ಅದಕ್ಕಾಗಲ್ಲ. ನಿನ್ನವರಿಗೆ ಆಗುತ್ತೆ."

ಟೈರ್ ಅಂಗಡಿಯ ಕೆಳಗಿನ ನೆಲಮಾಳಿಗೆ ಅದು. ಕಿಟಕಿಯಿಲ್ಲದ್ದರಿಂದ ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಟೇಬಲ್ಲಿನ ಮೇಲೆ ತೂಗುವ ದೀಪ ಹಸಿರು ಬಟ್ಟೆಯನ್ನಷ್ಟೇ ಬೆಳಗುತ್ತಿತ್ತು. ಆಡುವವರು ಬಗ್ಗಿದಾಗ ಮುಖ ಕಾಣುತ್ತಿತ್ತು, ನೆಟ್ಟಗಾದರೆ ಕತ್ತಲೆ ನುಂಗುತ್ತಿತ್ತು. ರಬ್ಬರಿನ ವಾಸನೆ, ಕೋಲಿನ ತುದಿಗೆ ಹಚ್ಚುವ ಸೀಮೆಸುಣ್ಣದ ಪುಡಿಯ ವಾಸನೆ. ಆ ಕೋಲು ತೂಗುಹಾಕಿದ್ದ ಮೂಲೆಯಲ್ಲಿ ಮಾತ್ರ ಇನ್ನೊಂದು ವಾಸನೆ ಇತ್ತು, ಸುಟ್ಟ ಕೂದಲಿನದು. ಕೋಲಿನ ಬುಡಕ್ಕೆ ಕಪ್ಪು ದಾರ ಬಿಗಿದಿತ್ತು. ಅದರ ಮೇಲೆ ಬೆಂಕಿ ತಾಗಿದ ಕಲೆ.

ಮೆಕ್ಯಾನಿಕ್ ಇಲ್ಲಿನ ಭಾನುವಾರದ ಹವ್ಯಾಸಿ ಲೀಗಿಗೆ ಹೊಸಬ. ಹಿಂದೆ ಆಡುತ್ತಿದ್ದ ಹಾಲ್ ಬಿಟ್ಟಿದ್ದು ಟೇಬಲ್ ವಾಲಿದೆ ಅಂತ ಜಗಳ ತೆಗೆದು. ಅದಕ್ಕೂ ಹಿಂದಿನದನ್ನು ಚೆಂಡು ಸವೆದಿವೆ ಅಂತ. ಕೈ ಕೆಟ್ಟದ್ದೇನಲ್ಲ, ಆದರೆ ಸೋಲು ಅನ್ನುವುದು ಅವನ ಬಾಯಲ್ಲಿ ಯಾವತ್ತೂ ಅವನದ್ದಾಗಿರಲಿಲ್ಲ. ಈ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಸೋತವನು ಗೆದ್ದವನ ಕೈ ಹಿಡಿದು "ಸೋಲು ನನ್ನದು" ಅನ್ನಬೇಕು, ಆಮೇಲೆಯೇ ಕೋಲು ಕೆಳಗಿಡಬೇಕು. ಅವನು ಕೈ ಕೊಡುತ್ತಿದ್ದ, ಮಾತನ್ನು ನುಂಗುತ್ತಿದ್ದ.

ಗೋಡೆಯ ಕೋಲನ್ನು ಟೇಬಲ್ ಮೇಲೆ ಉರುಳಿಸಿ ನೋಡಿದ. ಕೂದಲೆಳೆಯಷ್ಟೂ ಕುಲುಕದೆ ಉರುಳಿತು. ಅಂಥ ನೆಟ್ಟನೆ ಕೋಲನ್ನು ಅವನು ಕಂಡಿರಲಿಲ್ಲ. ಅದರಲ್ಲೇ ಆಡಿದ. ಅದೇ ಲೀಗಿನಲ್ಲಿ ಆಡುವ ಬೇಕರಿಯವನ ಎದುರು ಸೋತ.

"ಕೋಲು ಸೊಟ್ಟ," ಅಂದ.

ಮುದುಕ ಕಣ್ಣು ಮುಚ್ಚಿಕೊಂಡ.

ಮನೆಯಲ್ಲಿ ಮೆಕ್ಯಾನಿಕ್‌ಗೆ ಇದ್ದವಳು ಅಕ್ಕ ಒಬ್ಬಳೇ. ಬಹುಮಾನದ ಕಪ್‌ಗಳ ಮೇಲೆ, ಶೀಲ್ಡುಗಳ ಮೇಲೆ ಗೆದ್ದವರ ಹೆಸರು ಕೆತ್ತುವುದು ಅವಳ ಕಸುಬು. ಅವಳು ಉಳಿ ಇಟ್ಟರೆ ಗೆರೆ ಎಳೆಯದೆಯೇ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತಿತ್ತು. ತಮ್ಮನನ್ನು ಸಾಕಿದ್ದು ಆ ಕೈಗಳೇ. ಚಿಕ್ಕವನಿದ್ದಾಗ ಅವನು ಅಪ್ಪನ ರೇಡಿಯೋ ಬೀಳಿಸಿ ಒಡೆದಿದ್ದ. ಅಪ್ಪ ಬೆಲ್ಟು ತೆಗೆಯುವ ಮೊದಲೇ ಅಕ್ಕ ಮುಂದೆ ಬಂದು, "ಬೀಳಿಸಿದ್ದು ನಾನು" ಅಂದಿದ್ದಳು. ಆಮೇಲೆ ಅದೇ ರೂಢಿಯಾಯಿತು. ಅವನು ಒಡೆಯುತ್ತಿದ್ದ, ಅವಳು ಒಪ್ಪಿಕೊಳ್ಳುತ್ತಿದ್ದಳು.

ಆ ಸಂಜೆ ಅಕ್ಕ ಬಲಗೈಯ ತೋರುಬೆರಳನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಳು. "ನೋಡೋ, ಬೆರಳು ಸೊಟ್ಟಗಾಗಿದೆ. ನೋವೇನಿಲ್ಲ. ವಯಸ್ಸಾಯ್ತೇನೋ ನಂಗೆ."

"ಬಿಸಿನೀರಲ್ಲಿ ಅದ್ದು," ಅಂದು ಅವನು ಊಟಕ್ಕೆ ಕೂತ.

ಮುಂದಿನ ಆಟವೂ ಸೋತ. "ಕೋಲಿನ ತುದಿ ಸತ್ತುಹೋಗಿದೆ, ಚೆಂಡಿಗೆ ತಾಗಿದ್ದೇ ಗೊತ್ತಾಗಲ್ಲ," ಅಂದ. ಮನೆಗೆ ಬಂದಾಗ ಅಕ್ಕನ ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಉಳಿ ಹೊಕ್ಕಿತ್ತು. ಅವಳು ಕೆಲಸ ಮಾಡುತ್ತಲೇ ಇದ್ದಳು.

"ಅಕ್ಕಾ, ರಕ್ತ!"

ಅವಳು ಬಗ್ಗಿ ನೋಡಿದಳು. "ಅಯ್ಯೋ ಹೌದಲ್ಲ. ತುದಿಬೆರಳುಗಳಿಗೆ ಏನೂ ಗೊತ್ತಾಗ್ತಾನೇ ಇಲ್ಲ ಕಣೋ."

ಕೋಲಿಗೆ ತಾನು ಅಂದ ಮಾತು ಅವನಿಗೆ ನೆನಪಾಯಿತು. ಆದರೂ ನಂಬಲು ಮನಸ್ಸು ಬರಲಿಲ್ಲ. ಮತ್ತೆ ಸೋತ ದಿನ ಬಾಯಿ ತಡೆಯಲಿಲ್ಲ. "ಹಿಡಿ ಜಾರುತ್ತೆ," ಅಂದುಬಿಟ್ಟ. ಮನೆ ಬಾಗಿಲು ತೆರೆಯುವ ಮೊದಲೇ ಒಳಗೆ ಠಣ್ ಅಂತು. ಮತ್ತೆ ಠಣ್. ಅಕ್ಕ ನೆಲದ ಮೇಲೆ ಕೂತಿದ್ದಳು. ಎತ್ತಿದ ಕಪ್ ಕೈಯಿಂದ ಜಾರುತ್ತಿತ್ತು. ಮತ್ತೆ ಎತ್ತುತ್ತಿದ್ದಳು. ಮತ್ತೆ ಜಾರುತ್ತಿತ್ತು.

ಅವನು ಬಂದ ದಾರಿಯಲ್ಲೇ ಓಡಿದ.

ನೆಲಮಾಳಿಗೆಯಲ್ಲಿ ದೀಪ ಆರಿತ್ತು. ಕತ್ತಲಲ್ಲಿ ವಾಸನೆ ಹಿಡಿದು ಕೋಲಿನ ಹತ್ತಿರ ಹೋದ. ಮುಟ್ಟಿದ. ಬೆಚ್ಚಗಿತ್ತು. ಒಂದು ಕಡೆ ಗಂಟು ಗಂಟಾಗಿತ್ತು, ಮುದುರಿದ ಬೆರಳಿನ ಹಾಗೆ. ಅವನ ಹಿಡಿತಕ್ಕೆ ಅದು ಒಮ್ಮೆ ಅದುರಿತು. ಬೇರೆ ಯಾರದೋ ಕೈ ಹಿಡಿದಂತಾಗಿ ಚೀರಿ ಹಿಂದೆ ಸರಿದ.

"ನಾನು ಹೇಳಿದ್ದೆ," ಅಂತು ಕತ್ತಲು. ಮುದುಕ ಬೆಂಚಿನ ಮೇಲೆ ಕೂತಿದ್ದ.

"ಏನಜ್ಜಾ ಇದು?"

"ಇದನ್ನ ಮಾಡಿದ ಬಡಗಿ ಒಳ್ಳೇ ಕೆಲಸಗಾರ. ಸೋತವರೆಲ್ಲ ಅವನ ಕೋಲನ್ನೇ ಬೈತಿದ್ರು. ಕೇಳಿ ಕೇಳಿ ಅವನ ತಲೆ ಕೆಟ್ಟುಹೋಯ್ತು. ಮಾಟ ಮಾಡಿಸಿದ. ಇದರ ಮೇಲೆ ಹೊರಿಸಿದ ತಪ್ಪು, ಹೊರಿಸಿದವನನ್ನ ಯಾರು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿರ್ತಾರೋ ಅವರ ಮೈಮೇಲೆ ಹೋಗಿ ಕೂರುತ್ತೆ."

"ಸುಟ್ಟುಹಾಕೋಣ!"

"ನಾನೂ ಒಂದ್ಸಲ ಬೈದವನೇ. ಸುಡೋಕೂ ಹೋದೆ. ಬುಡಕ್ಕೆ ಬೆಂಕಿ ತಾಗಿತು, ಮನೇಲಿ ನನ್ನವಳ ಜಡೆಗೆ ಹತ್ಕೊಂಡಿತು." ಮುದುಕ ಬೆಂಚಿನಿಂದೆದ್ದು ಹತ್ತಿರ ಬಂದ. "ಎಸೆದರೆ ಯಾರ ಕೈಗೆ ಸಿಗುತ್ತೋ. ಇಲ್ಲಿದ್ದರೆ ಹೇಳೋಕಾದರೂ ನಾನಿದ್ದೀನಿ."

"ಇಳಿಸೋ ದಾರಿ ಇಲ್ವಾ?"

"ಇದೆ. ಅದೇ ಕೋಲಲ್ಲಿ ಮನಸಿಟ್ಟು ಆಡು. ಬೇಕಂತ ಸೋತರೆ ನಡೆಯಲ್ಲ. ನಿಜವಾಗಿ ಸೋತಾಗ ಎದುರಿನವನ ಕೈ ಹಿಡಿದು ಹೇಳು, ಸೋಲು ನನ್ನದು ಅಂತ. ಆದರೆ ಆ ಸೋಲಿನ ಬಗ್ಗೆ ನಿನಗಿಂತ ಮೊದಲು ಬೇರೆ ಯಾರ ಬಾಯಲ್ಲೂ ಆ ಮಾತು ಬರಬಾರದು. ಬಂದರೆ ಹೊರಿಸಿದ ತಪ್ಪೆಲ್ಲ ಅವರದ್ದಾಗಿ ಉಳಿದುಬಿಡುತ್ತೆ. ಆಮೇಲೆ ಯಾರಿಂದಲೂ ಇಳಿಸೋಕಾಗಲ್ಲ."

ಅಕ್ಕನಿಗೆ ಹೇಳಬೇಕಿತ್ತು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ, ನಿನ್ನ ಕೈ ತಿಂದವನು ನಾನು ಅನ್ನಬೇಕಾಗುತ್ತಿತ್ತು. ಎಲ್ಲ ಸರಿಹೋದ ಮೇಲೆ ಹೇಳಿದರಾಯಿತು ಅಂದುಕೊಂಡ.

ಭಾನುವಾರ ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದಳು. "ಕೆಲಸವಂತೂ ಇಲ್ಲ. ನಿನ್ನ ಆಟವಾದರೂ ನೋಡ್ತೀನಿ." ಬೆಂಚಿನ ಮೇಲೆ ಕೂತು, ಎರಡೂ ಕೈಗಳನ್ನು ಶಾಲಿನೊಳಗೆ ಮುಚ್ಚಿಕೊಂಡಳು.

ಅವನು ಜೀವಮಾನದಲ್ಲೇ ಹಾಗೆ ಆಡಿರಲಿಲ್ಲ. ಒಂದೊಂದೇ ಚೆಂಡು ಇಳಿಯಿತು. ಬೇಕರಿಯವನದೂ ಇಳಿದವು. ಕೊನೆಗೆ ಕರಿ ಚೆಂಡು ಉಳಿಯಿತು. ಅದನ್ನು ಟೇಬಲ್ ಅಂಚಿನ ಪಾಕೆಟ್ಟಿಗೆ ಬೀಳಿಸಿದವನೇ ಗೆದ್ದಂತೆ. ಅವನ ಸರದಿ. ಬಗ್ಗಿದ. ಕೋಲು ಅಂಗೈಯಲ್ಲಿ ಮಿಡಿಯುತ್ತಿತ್ತು. ಕೂದಲು ಸುಟ್ಟ ವಾಸನೆ. ಹೊಡೆದ. ಕರಿ ಚೆಂಡು ಪಾಕೆಟ್ಟಿನ ಬಾಯಿಗೆ ಹೋಯಿತು. ನಿಂತಿತು. ಬೇಕರಿಯವನು ಮೆಲ್ಲಗೆ ತಳ್ಳಿದ. ಟೊಪ್.

ಈಗ. ಈಗಲೇ ಹೇಳಬೇಕು. ಅವನು ನೆಟ್ಟಗಾದ. ಬಾಯಿ ತೆರೆದ. ಹಳೆಯ ನಾಲಿಗೆ ಹಳೆಯ ದಾರಿ ಹಿಡಿಯಿತು. ದೀಪ ಕಣ್ಣಿಗೆ ಹೊಡೆಯಿತು ಅನ್ನುವ ಮಾತು ತುಟಿಗೆ ಬಂತು. ಅದನ್ನು ಕಚ್ಚಿ ಹಿಡಿದ. ಒಂದು ಉಸಿರಿನಷ್ಟು ತಡ, ಅಷ್ಟೇ.

ತಮ್ಮನ ಮುಖ ನೋಡಿದ ಅಕ್ಕ ಎದ್ದು ಬಂದಿದ್ದಳು. ಮುದುರಿದ ಕೈಯನ್ನು ಬೇಕರಿಯವನ ಕೈ ಮೇಲಿಟ್ಟು ನಕ್ಕಳು. "ಅವನನ್ನೇನೂ ಅನ್ಬೇಡಪ್ಪ. ನಾನು ಬಂದು ಕೂತು ಗಮನ ಕೆಡಿಸಿದೆ. ಸೋಲು ನನ್ನದು."

"ಅಕ್ಕಾ, ಬೇಡ!"

ಕೋಲು ತಣ್ಣಗಾಯಿತು. ಗಂಟು ಮಾಯವಾಯಿತು. ಮೊದಲಿನಷ್ಟೇ ನೆಟ್ಟಗೆ, ನುಣುಪಾಗಿ ಅವನ ಕೈಯಲ್ಲಿ ಮಲಗಿತು. ಅಕ್ಕನ ಕೈ ಮಾತ್ರ ಮುದುರಿದಂತೆಯೇ ಇತ್ತು. ಮೂಲೆಯಲ್ಲಿ ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ.

ಈಗ ಕೆತ್ತುವವನು ತಮ್ಮ. ಅಕ್ಕ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದಾನೆ. ಅವಳು ಎಲ್ಲ ಕೇಳಿ, "ಊಟ ಮಾಡಿದ್ಯಾ?" ಅಂದಿದ್ದಳು.

ಲೀಗಿನ ಕಪ್ ಒಯ್ಯಲು ಬೇಕರಿಯವನು ಬಂದ. ಅಕ್ಷರಗಳು ಇಳಿಜಾರಿನಲ್ಲಿ ಜಾರಿದಂತಿದ್ದವು. "ಇದೇನಿದು ಹೀಗೆ?" ಅಂದ. "ಉಳಿ ಮೊಂಡೇನೋ?"

ಅಕ್ಕ ಬಾಯಿ ತೆರೆಯುವ ಮೊದಲೇ ತಮ್ಮ ಅಂದ, "ಉಳಿ ಚೆನ್ನಾಗಿದೆ. ಕೆಡಿಸಿದ್ದು ನಾನು."

ಅಕ್ಕ ಅವನ ಕಡೆ ತಿರುಗಿದಳು. ತಲೆ ಸವರಲೆಂದು ಎತ್ತಿದ ಕೈ ಅರ್ಧದಲ್ಲೇ ಜಾರಿ ಮಡಿಲಿಗೆ ಬಿತ್ತು.